ಮರ್ಯಾದೆ ಕಾಯುವ ದಿನಗಳು

ಸೈನೈಡ್ ಮೋಹನನ ಬಗ್ಗೆ ಓದಿದಾಗಲೆಲ್ಲ ಅವನ ಮೇಲೆ ಸಿಟ್ಟು ಬರುವ ಮೊದಲೇ ನನ್ನ ಬಗ್ಗೆ ಒಂದು ಅಳುಕು ಹುಟ್ಟುತ್ತದೆ. ಬಂಟ್ವಾಳ ತಾಲೂಕಿನ ಈ ಮೋಹನಕುಮಾರ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವ. 2003ರಿಂದ 2009ರೊಳಗೆ 20 ಹೆಣ್ಣುಮಕ್ಕಳನ್ನು ಕೊಂದ. ಆ ಕರಾವಳಿ ಎಲ್ಲಿ, ನಾನಿರುವ ಯಾದಗಿರಿ ಜಿಲ್ಲೆಯ ಭೀಮರಾಯನಗುಡಿ ಎಲ್ಲಿ! ಆದರೂ ಆ ಪ್ರಕರಣದೊಳಗೆ ನನ್ನ ಮನೆಯ ಪಡಸಾಲೆ ಕಾಣುತ್ತದೆ.

ಅವನು ಹುಡುಕುತ್ತಿದ್ದದ್ದು ಬಡ ಮನೆಯ, ಮದುವೆ ತಡವಾದ ಹುಡುಗಿಯರನ್ನು. ಒಬ್ಬೊಬ್ಬಳಿಗೆ ಒಂದೊಂದು ಹೆಸರು ಹೇಳುತ್ತಿದ್ದ. ಅವಳ ಜಾತಿಯೇ ತನ್ನ ಜಾತಿ, ಸರಕಾರಿ ನೌಕರಿ ಇದೆ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮದುವೆಯ ಮಾತಾಡಿ ಮಡಿಕೇರಿ, ಹಾಸನ, ಮೈಸೂರಿನಂಥ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಒಂದು ರಾತ್ರಿ ಇರಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಬಸಿರು ತಡೆಯುವ ಗುಳಿಗೆ ಎಂದು ಸೈನೈಡ್ ಕೊಡುತ್ತಿದ್ದ. ಅವಳು ಶೌಚಾಲಯದೊಳಗೆ ಹೋಗಿ ನುಂಗುವಷ್ಟರಲ್ಲಿ ಇವ ಲಾಡ್ಜಿಗೆ ಮರಳಿ ಬಂಗಾರ ತೆಗೆದುಕೊಂಡು ಹೊರಟಿರುತ್ತಿದ್ದ. ಒಳಗಿಂದ ಚಿಲಕ, ಗುರುತು ಹೇಳುವವರಿಲ್ಲದ ಹೆಣ. ಆಯಾ ಊರಿನ ಠಾಣೆಯಲ್ಲಿ ಅದೊಂದು ಅಸಹಜ ಸಾವು. ಅಲ್ಲಿಗೆ ಮುಗಿಯಿತು.

ವಿಷ ಕೆಲಸ ಮಾಡುವುದು ನಿಮಿಷಗಳಲ್ಲಿ. ಅವನಿಗೆ ಬೇಕಾಗಿದ್ದದ್ದು ಅದರ ನಂತರದ ದಿನಗಳು. ಮಗಳು ಬರಲಿಲ್ಲವೆಂದು ಮನೆಯವರು ಹೊರಗೆ ಬಾಯಿ ಬಿಡದ ದಿನಗಳು. ಕೆಲವು ಮನೆಗಳು ದೂರನ್ನೇ ಕೊಡಲಿಲ್ಲ. ಯಾರದೋ ಜೊತೆ ಹೋಗಿದ್ದಾಳೆ, ಎಲ್ಲೋ ಸುಖವಾಗಿದ್ದಾಳೆ ಎಂದುಕೊಂಡು ಸುಮ್ಮನಾದವು.

ಅವರನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಮಗಳು ಕೆಲಸಕ್ಕೆ ದಿನಾ ಶಹಾಪುರಕ್ಕೆ ಹೋಗಿಬರುತ್ತಾಳೆ. ಒಂದು ಸಂಜೆ ಅವಳು ಬಸ್ಸಿಳಿಯಲಿಲ್ಲ ಎಂದುಕೊಳ್ಳುತ್ತೇನೆ. ಮೊದಲು ಏನು ಮಾಡುತ್ತೇನೆ? ಠಾಣೆಗಂತೂ ಹೋಗುವುದಿಲ್ಲ. ಹೆಂಡತಿಯನ್ನು ಒಳಗೆ ಕರೆದು, "ಸುಮ್ಮಕಿರು, ಮಂದಿಗೆ ಗೊತ್ತಾದ್ರ ಹ್ಯಾಂಗ?" ಅನ್ನುತ್ತೇನೆ. ಸುರಪುರದ ಬೀಗರಿಗೆ ಫೋನು ಮಾಡಿ, ಮಗಳ ಹೆಸರೆತ್ತದೆ, "ಮತ್ತೇನ್ರಿ, ಎಲ್ಲಾ ಆರಾಮ?" ಎಂದು ಸುತ್ತಿಬಳಸಿ ಕೇಳುತ್ತೇನೆ. ನಂಬಿಕೆಯ ಹುಡುಗನೊಬ್ಬನನ್ನು ಯಾದಗಿರಿ ರೈಲು ನಿಲ್ದಾಣಕ್ಕೆ ಅಟ್ಟುತ್ತೇನೆ. ನಾವಿರುವ ನೀರಾವರಿ ನಿಗಮದ ಕ್ವಾರ್ಟರ್ಸುಗಳಲ್ಲಿ ಸುದ್ದಿ ಕಾಲುವೆ ನೀರಿಗಿಂತ ಜೋರು ಹರಿಯುತ್ತದೆ. ಕೇಳಿದವರಿಗೆಲ್ಲ ಅತ್ತೆಯ ಊರಿಗೆ ಹೋಗಿದ್ದಾಳೆ ಎನ್ನುತ್ತೇನೆ. ಹೀಗೆ ಎಷ್ಟು ದಿನ? ಎಷ್ಟಾದರೂ ಮೋಹನನಂಥವನಿಗೆ ಸಾಕು.

ಕೊನೆಗೆ ಅವನು ಸಿಕ್ಕಿಬಿದ್ದ ಬಗೆ ನನ್ನನ್ನು ಇನ್ನಷ್ಟು ಕಲಕುತ್ತದೆ. 2009ರ ಜೂನಿನಲ್ಲಿ ಬಂಟ್ವಾಳ ತಾಲೂಕಿನದೇ ಆದ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಳು. ಅನ್ಯಧರ್ಮದವನ ಜೊತೆ ಹೋಗಿದ್ದಾಳೆಂಬ ಗುಮಾನಿ ಹಬ್ಬಿ ಜನ ರೊಚ್ಚಿಗೆದ್ದರು, ಪೊಲೀಸರ ಮೇಲೆ ಒತ್ತಡ ಬಿತ್ತು. ಫೋನ್ ಕರೆಗಳ ಪಟ್ಟಿ ತೆಗೆದರೆ ಕಾಣೆಯಾದ ಇನ್ನೊಬ್ಬಳು, ಅವಳ ಕರೆಗಳಲ್ಲಿ ಮತ್ತೊಬ್ಬಳು. ಹಾಗೇ ಜಾಡು ಹಿಡಿದು ಹೋಗಿ ಅಕ್ಟೋಬರಿನಲ್ಲಿ ಮೋಹನನನ್ನು ಹಿಡಿದರು. ಗುಮಾನಿ ಸುಳ್ಳಾಗಿತ್ತು. ಮನೆಯ ಮರ್ಯಾದೆ ಎಷ್ಟೋ ಹುಡುಗಿಯರನ್ನು ಮರೆಗೆ ಸರಿಸಿತ್ತು, ಕುಲದ ಮರ್ಯಾದೆಗೆ ಧಕ್ಕೆ ಬಂತೆನಿಸಿದ ಮೇಲೆ ಒಬ್ಬಳಿಗಾಗಿ ಊರೇ ಎದ್ದಿತು. ಹುಡುಗಿ ಜೀವಂತ ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆ ಎರಡೂ ಸಲ ಹಿಂದೆಯೇ ಉಳಿಯಿತು. ಆ ಗುಂಪಿನಲ್ಲಿ ನಾನೂ ನಿಂತಿರುತ್ತಿದ್ದೆ, ಅನುಮಾನವಿಲ್ಲ.

ಮಂಗಳೂರಿನ ನ್ಯಾಯಾಲಯ 2013ರ ಡಿಸೆಂಬರಿನಲ್ಲಿ ಮೂರು ಪ್ರಕರಣಗಳಲ್ಲಿ ಅವನಿಗೆ ಗಲ್ಲು ವಿಧಿಸಿತು. 2017ರಲ್ಲಿ ಹೈಕೋರ್ಟು ಬರಿಮಾರಿನ ಪ್ರಕರಣದ ಗಲ್ಲನ್ನು ಜೀವ ಇರುವತನಕದ ಸೆರೆಗೆ ಇಳಿಸಿತು. 20ನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಅವನ ಲೆಕ್ಕ ಕೋರ್ಟು ನೋಡಿಕೊಂಡಿತು.

ನನ್ನ ಲೆಕ್ಕ ಬಾಕಿ ಇದೆ. ಸಂಬಂಧದ ಮಾತು ಬಂದಾಗ ನಮ್ಮ ಪಡಸಾಲೆಯಲ್ಲಿ ಕೇಳುವುದು ಮೂರೇ: "ಯಾವ ಮಂದಿ? ನೌಕರಿ ಏನ ಅದ? ಹುಂಡಾ ಎಷ್ಟ ಕೇಳ್ತಾರ?" ಮೋಹನನ ಬಳಿ ಮೂರಕ್ಕೂ ಉತ್ತರ ತಯಾರಿತ್ತು. ಆ ಹುಡುಗಿಯರಿಗೆ ಬುದ್ಧಿ ಇರಲಿಲ್ಲವೇ ಎಂದು ಕೇಳುವವರು, ಆ ಬುದ್ಧಿ ಕಲಿಸಿದ್ದು ಯಾರು ಎಂದೂ ಕೇಳಿಕೊಳ್ಳಬೇಕು. ಎಷ್ಟು ತೊಲಿ ಬಂಗಾರ ಹಾಕಬೇಕು ಎಂಬ ಚಿಂತೆಯನ್ನು ನಾನೂ ಮಗಳ ಕಿವಿಗೆ ಬೀಳುವ ಹಾಗೆಯೇ ಆಡಿದ್ದೇನೆ. ಏನೂ ಬೇಡ ಎಂದು ಬರುವ ಮೊದಲ ಗಂಡಸು ಅವಳಿಗೆ ದೇವರ ಹಾಗೆ ಕಂಡರೆ, ಅದರಲ್ಲಿ ನನ್ನ ಪಾಲಿದೆ.

"ಯಾರ ಜೋಡಿ ಹೋದ್ರೂ ಹೇಳಿ ಹೋಗವ್ವಾ, ನಾ ಬೈಯಂಗಿಲ್ಲ" ಎಂದು ಮಗಳಿಗೆ ಹೇಳಬೇಕೆಂದಿದ್ದೇನೆ. ಹೇಳಿ ಹೋಗು ಎನ್ನುವುದು ಸುಲಭ. ಬೈಯುವುದಿಲ್ಲ ಎಂಬುದನ್ನು ಅವಳು ನಂಬಬೇಕಾದರೆ, ಬೇರೆಯವರ ಮಗಳ ಸುದ್ದಿ ಬಂದಾಗ ನಾನು ಆಡುವ ಮಾತು ಮೊದಲು ಬದಲಾಗಬೇಕು. ಅವಳು ನನ್ನನ್ನು ಅಳೆಯುವುದು ಅದರಿಂದಲೇ.