ಮೀನ ಹಿಡಿಯಾದು ಯಾವಾಗ ಕಲ್ತಿ?

ಫೋಟೋ 1

ಈ ಫೋಟೋ ನೀವು ಹೋದ ವಾರನೇ ನೋಡಿದ್ದೀರಿ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಎರಡೂ ಕೈಯಲ್ಲಿ ನನ್ನ ತೋಳಿಗಿಂತ ಉದ್ದದ ಬೆಳ್ಳಿ ಬಣ್ಣದ ಮೀನು, ಹಿಂದೆ ದಂಡೆನೇ ಕಾಣದ ನೀರು. ನನ್ನ ಯಾವ ಫೋಟೋಕ್ಕೂ ಇಷ್ಟು ಲೈಕ್ ಬಂದಿಲ್ಲ. ಇಂಜಿನಿಯರಿಂಗ್ ಪಾಸಾಗಿ ಸರ್ಟಿಫಿಕೇಟ್ ಹಿಡ್ಕೊಂಡು ನಿಂತಾಗಲೂ ಬಂದಿರಲಿಲ್ಲ. ‘ಕೆನಡಾ ಹುಲಿ’, ‘ಗುಂಡಗುರ್ತಿ ಹೆಮ್ಮೆ’ ಅಂತೆಲ್ಲ ಬರೆದಿದ್ದೀರಿ. ಒಬ್ಬ ಹಳೇ ಗೆಳೆಯ ಮಾತ್ರ ಕೇಳಿದ: ‘ಲೇ, ನೀ ಮೀನ ಹಿಡಿಯಾದು ಯಾವಾಗ ಕಲ್ತಿಯೋ?’

ನಾನು ನಗೋ ಮುಖ ಒಂದು ಒತ್ತಿ ಸುಮ್ಮನಾದೆ.

ಅದಕ್ಕೆ ಉತ್ತರ ಇದೆ. ಒಂದು ಕ್ಯಾಪ್ಷನ್ನಿನಲ್ಲಿ ಹಿಡಿಸಲ್ಲ, ಅದಕ್ಕೆ ಕಂತಿನಲ್ಲಿ ಬರೀತಿದ್ದೀನಿ. ಸ್ಕ್ರೋಲ್ ಮಾಡೋರು ಮಾಡ್ಕೊಂಡು ಹೋಗ್ರಿ. ಎಂಟನೇ ಕ್ಲಾಸಿನಲ್ಲಿ ನನ್ನ ಜೊತೆ ಕೂತಿದ್ದೋರು ಮಾತ್ರ ಕೊನೇತನಕ ಓದ್ರಿ.

ಫೋಟೋ 2

ಕತ್ತಲಲ್ಲಿ ತೆಗೆದದ್ದು, ಏನೂ ಸರಿಯಾಗಿ ಕಾಣಲ್ಲ. ಪೋರ್ಟ್ ಕ್ರೆಡಿಟ್ ಅನ್ನೋ ಬಂದರು, ಬೆಳಗಿನ ಐದು ಗಂಟೆ. ನಾನಿರೋ ಮಿಸ್ಸಿಸಾಗಾ ಊರಿನದೇ ಒಂದು ಮೂಲೆ ಅದು. ಕ್ರೆಡಿಟ್ ಅನ್ನೋ ನದಿ ಅಲ್ಲಿ ಒಂಟಾರಿಯೋ ಸರೋವರಕ್ಕೆ ಸೇರುತ್ತೆ.

ಗೋದಾಮಿನಲ್ಲಿ ನನ್ನ ಜೊತೆ ಪಾರ್ಟ್‌ಟೈಮ್ ಮಾಡೋ ನಾಲ್ಕು ಜನ ದುಡ್ಡು ಕೂಡಿಸಿ ದೋಣಿ ಬುಕ್ ಮಾಡಿದ್ದರು. ಅವರಲ್ಲಿ ಒಬ್ಬನಿಗೆ ಜ್ವರ ಬಂತು. ಕಟ್ಟಿದ ದುಡ್ಡು ವಾಪಸ್ ಬರಲ್ಲ, ಅವನ ಜಾಗದಲ್ಲಿ ನನ್ನನ್ನ ಕರ್ಕೊಂಡು ಹೋದರು. ಅಂದ್ರೆ ಆ ಫೋಟೋದಾಗಿನ ಶೋಕಿ ನನ್ನ ದುಡ್ಡಿನದಲ್ಲ. ಮೊದಲು ಅದು ಹೇಳಿಬಿಡ್ತೀನಿ.

ಸರೋವರ ಅಂದಾಕ್ಷಣ ನಮ್ಮ ಕಣ್ಣಿಗೆ ಕೆರೆ ಬರುತ್ತೆ. ಇದು ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಹರವಿನಲ್ಲಿ ಎಲ್ಲಕ್ಕಿಂತ ಸಣ್ಣದು. ಸಣ್ಣದು ಅಂದ್ರೂ ಸುಮಾರು 19,000 ಚದರ ಕಿಲೋಮೀಟರ್. ನಮ್ಮ ಕಲಬುರಗಿ ಜಿಲ್ಲೆ ಇಡೀ ಅದರಲ್ಲಿ ಇಟ್ಟರೂ ಇನ್ನೂ ಅರ್ಧ ಜಿಲ್ಲೆಗಿಂತ ಹೆಚ್ಚು ಹಿಡಿಸುತ್ತೆ. ಅತೀ ಆಳದ ಜಾಗ 244 ಮೀಟರ್. ತೆರೆ ಏಳುತ್ತೆ, ಹೊಟ್ಟೆ ತೊಳಸುತ್ತೆ, ಆದರೆ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದರೆ ಸಿಹಿನೀರು. ನಾನು ಹಾಕಿ ನೋಡಿದೆ. ಕ್ಯಾಪ್ಟನ್ ಬೈದ.

ಫೋಟೋ 3

ಈ ಥರ ಮೀನು ಹಿಡಿಯೋದಕ್ಕೆ ಟ್ರೋಲಿಂಗ್ ಅಂತಾರೆ. ನಗಬ್ಯಾಡ್ರಿ. ನೀವು ದಿನಾ ನೋಡೋ ಟ್ರೋಲ್ ಪೇಜಿಗೂ ಇದಕ್ಕೂ ಸಂಬಂಧ ಇದೆ ಅಂತಾರೆ: ಗಾಳ ಎಳೀತಾ ಹೋಗೋದು, ಯಾರು ಕಚ್ತಾರೆ ನೋಡೋದು. ಸಮುದ್ರದ ಟ್ರಾಲಿಂಗ್ ಬೇರೆ, ಅದು ಬಲೆ ಎಳೆಯೋ ಕೆಲಸ. ಇಲ್ಲಿ ಬಲೆ ಇಲ್ಲ, ಬರೀ ಗಾಳ. ದೋಣಿ ನಿಲ್ಲೋದೂ ಇಲ್ಲ. ಗಂಟೆಗೆ ನಾಲ್ಕು ಕಿಲೋಮೀಟರ್ ಆಸುಪಾಸು, ಸಂತಿಗೆ ಹೊಂಟ ಮನುಷ್ಯನ ನಡಿಗೆಯಲ್ಲಿ ಸುಮ್ಮನೆ ಹೋಗ್ತಾನೇ ಇರುತ್ತೆ. ಹಿಂದೆ ನೀರಲ್ಲಿ ಗಾಳಗಳು ಬರ್ತಾ ಇರ್ತವೆ.

ಗಾಳಕ್ಕೆ ಎರೆಹುಳ ಇಲ್ಲ. ಸ್ಪೂನ್ ಅಂತ ಒಂದು ತಗಡಿನ ತುಂಡು, ಖರೇನೇ ಹಿಡಿ ಮುರಿದ ಚಮಚದ ಥರ. ನೀರಲ್ಲಿ ಎಳೆದಾಗ ಅದು ಹೊಯ್ದಾಡುತ್ತೆ, ಗಾಯ ಆದ ಸಣ್ಣ ಮೀನಿನ ಥರ ಮಿಣಮಿಣ ಅನ್ನುತ್ತೆ. ದೊಡ್ಡ ಮೀನು ಮೋಸ ಹೋಗೋದು ಅದಕ್ಕೇ.

ನನಗೆ ಭಾಳ ಹಿಡಿಸಿದ್ದು ಡೌನ್‌ರಿಗ್ಗರ್ ಅನ್ನೋ ಯಂತ್ರ. ತಗಡು ಹಗುರ, ದೋಣಿ ಮುಂದೆ ಹೋದರೆ ಅದು ಮೇಲೆ ತೇಲಿ ಬರುತ್ತೆ. ಮೀನು ಇರೋದು ಎಪ್ಪತ್ತು ಅಡಿ ಕೆಳಗೆ. ಅದಕ್ಕೆ ನಾಲ್ಕೈದು ಕಿಲೋ ತೂಕದ ಒಂದು ಗುಂಡನ್ನು ಉಕ್ಕಿನ ತಂತಿಗೆ ಕಟ್ಟಿ ಇಳಿಬಿಡ್ತಾರೆ. ಗಾಳದ ದಾರವನ್ನು ಆ ತಂತಿಗೆ ಒಂದು ಕ್ಲಿಪ್ಪಿನಲ್ಲಿ ಸಿಗಿಸಿರ್ತಾರೆ, ನಮ್ಮವ್ವ ಬಟ್ಟೆ ಒಣಹಾಕಿ ಕ್ಲಿಪ್ ಹಾಕ್ತಾಳಲ್ಲ, ಹಾಗೆ. ಕೋಲು ಬಿಲ್ಲಿನ ಥರ ಬಾಗಿ ನಿಂತಿರುತ್ತೆ. ಮೀನು ಕಚ್ಚಿ ಎಳೆದ ಕೂಡಲೇ ಕ್ಲಿಪ್ ಬಿಡುತ್ತೆ, ಬಾಗಿದ ಕೋಲು ಟಪ್ ಅಂತ ನೆಟ್ಟಗಾಗುತ್ತೆ. ಅಲ್ಲಿಂದ ಗುಂಡಿನ ಭಾರ ಇಲ್ಲ. ನೀನು, ದಾರ, ಮೀನು, ಅಷ್ಟೇ.

ಎಪ್ಪತ್ತೇ ಅಡಿ ಯಾಕೆ? ಆಗಸ್ಟಿನಲ್ಲಿ ಮೇಲಿನ ನೀರು ಬೆಚ್ಚಗೆ, 20 ಡಿಗ್ರಿ ದಾಟಿರುತ್ತೆ. ಕೆಳಗೆ ಹೋದಂತೆ ಒಂದು ಕಡೆ ಒಮ್ಮೆಲೇ ತಣ್ಣಗಾಗುತ್ತೆ. ಚಿನೂಕ್ ಸಾಲ್ಮನ್‌ಗೆ 10ರಿಂದ 13 ಡಿಗ್ರಿ ಇರೋ ನೀರು ಬೇಕು, ಆ ಪದರ ಹುಡುಕ್ಕೊಂಡು ಅಲ್ಲೇ ಓಡಾಡುತ್ತೆ. ಗಾಳಿ ದಿಕ್ಕು ಬದಲಿಸಿದರೆ ಪದರ ಮೇಲೆ ಕೆಳಗೆ ಆಗುತ್ತೆ, ನಿನ್ನೆ ಸಿಕ್ಕ ಜಾಗದಲ್ಲಿ ಇವತ್ತು ಸಿಗಲ್ಲ. ಕ್ಯಾಪ್ಟನ್ ಪರದೆ ಮೇಲೆ ಡಿಗ್ರಿ ನೋಡ್ತಾ ಒಂದೊಂದು ಗುಂಡು ಐದಡಿ ಏರಿಸೋದು, ಹತ್ತಡಿ ಇಳಿಸೋದು ಮಾಡ್ತಿದ್ದ.

ಅವನನ್ನ ನೋಡ್ತಾ ನನಗೆ ಇನ್ನೊಬ್ಬರು ಕಂಡರು. ನೀರಿಗೆ ಇಳಿಯೋಕೆ ಮೊದಲು ಮೊಣಕಾಲ ತನಕ ನಿಂತು, ಕಣ್ಣು ಮುಚ್ಚಿ, ‘ಇವತ್ತ ದಂಡಿಗಿಲ್ಲ ತಮ್ಮಾ, ನಡುವ ಅವ’ ಅನ್ನುತ್ತಿದ್ದವರು. ಅವರ ಹತ್ತಿರ ಪರದೆ ಇರಲಿಲ್ಲ.

ಫೋಟೋ 4

ಮೀನು ಕಚ್ಚಿದಾಗಿನ ಫೋಟೋ. ಅಲುಗಾಡಿದೆ, ಇರಲಿ. ಎರಡು ತಾಸು ಏನೂ ಇಲ್ಲ. ಆಮೇಲೆ ಎಡಗಡೆ ಕೋಲು ನೆಟ್ಟಗಾಯ್ತು, ರೀಲು ಕಿರ್ ಅಂತ ಕೂಗಿತು, ಸರದಿ ನನ್ನದು. ಮೊದಲನೇ ಓಟಕ್ಕೇ ನೂರಾರು ಅಡಿ ದಾರ ಎಳ್ಕೊಂಡು ಹೋಯ್ತು. ಪಂಜಾಬಿನ ಗೆಳೆಯ ‘ಸುತ್ತು, ಸುತ್ತು’ ಅಂತ ಒದರ್ತಾನೆ. ನಾನು ಸುತ್ತಲಿಲ್ಲ. ಓಡೋ ಮೀನಿಗೆ ದಾರ ಬಿಡಬೇಕು, ನಿಂತಾಗ ಎಳ್ಕೋಬೇಕು. ಇದು ನನಗೆ ಆ ದೋಣಿಯಲ್ಲಿ ಯಾರೂ ಹೇಳಿಕೊಟ್ಟಿದ್ದಲ್ಲ. ಕ್ಯಾಪ್ಟನ್ ಒಮ್ಮೆ ನನ್ನ ಕೈ ನೋಡಿದ, ಮುಖ ನೋಡಿದ, ಏನೂ ಅನ್ನಲಿಲ್ಲ.

ಇಪ್ಪತ್ತು ನಿಮಿಷ ಹಿಡೀತು. ತೂಗಿದರೆ ಎಂಟು ಕಿಲೋ ಮೇಲೆ. ಆಮೇಲೆ ಫೋಟೋ 1.

ಫೋಟೋ 5

ಇದನ್ನ ನಾನು ಹೋದ ವಾರ ಹಾಕಿರಲಿಲ್ಲ. ದಂಡೆಯಲ್ಲಿ ಮೀನು ಕೊಯ್ಯೋ ಮೇಜು. ಮೀನು ಹಿಡಿಯೋವಾಗ ಕುಣಿದಾಡಿದ ಮೂರೂ ಜನ ಕೊಯ್ಯೋ ಹೊತ್ತಿಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕ್ಯಾಪ್ಟನ್ ಚಾಕು ತೆಗೆದ. ನಾನು ಕೇಳಿ ಇಸ್ಕೊಂಡೆ. ಹೊಟ್ಟೆ ಸೀಳಿ, ಕಿವಿರು ಕಿತ್ತು, ಬೆನ್ನುಮೂಳೆಗುಂಟ ಇರೋ ಕರಿ ರಕ್ತ ಹೆಬ್ಬೆರಳ ಉಗುರಿನಿಂದ ಕೆರೆದು ತೊಳೆದೆ.

‘ಎಲ್ಲಿ ಕಲಿತೆ?’ ಅಂತ ಇಂಗ್ಲಿಷ್‌ನಲ್ಲಿ ಕೇಳಿದ.

‘ನಮ್ಮಜ್ಜ ಮೀನುಗಾರ’ ಅಂತ ನಾನೂ ಇಂಗ್ಲಿಷ್‌ನಲ್ಲೇ ಹೇಳಿದೆ. ‘ಓ, ಗ್ರೇಟ್’ ಅಂದ. ಅಷ್ಟು ಸಲೀಸಾಗಿ ಬಾಯಿಂದ ಬಂತು. ಮನೆಗೆ ಬಂದು ರಾತ್ರಿ ಮಲಗಿದಾಗ ಹೊಳೀತು, ಈ ಮಾತನ್ನ ಕನ್ನಡದಲ್ಲಿ ಇವತ್ತಿನತನಕ ನಾನು ಯಾರ ಮುಂದೂ ಹೇಳಿಲ್ಲ.

ಫೋಟೋ 6

ಈ ಕಂತಿಗೆ ಫೋಟೋ ಇಲ್ಲ, ಕಪ್ಪು ಚೌಕ ಹಾಕಿದ್ದೀನಿ. ಮುತ್ಯಾ ಮೀನು ಹಿಡಿಯೋ ಒಂದೇ ಒಂದು ಫೋಟೋ ನಾನು ತೆಗೆದಿಲ್ಲ.

ನಾವು ಕಬ್ಬಲಿಗರು. ಇದು ನಿಮಗೆ ಗೊತ್ತಿತ್ತು, ಊರಲ್ಲಿ ಯಾರಿಗೆ ಗೊತ್ತಿರಲ್ಲ. ನಮ್ಮಪ್ಪ ಸಿಮೆಂಟ್ ಫ್ಯಾಕ್ಟರಿಗೆ ಕೂಲಿಗೆ ಹೋದ, ಮುತ್ಯಾ ಮಾತ್ರ ನೀರು ಬಿಡಲಿಲ್ಲ. ಹೇರೂರ ಕಡೆ ಬೆಣ್ಣೆತೊರಾ ಡ್ಯಾಮಿಗೆ, ಮಳೆಗಾಲ ಮುಗಿದ ಮ್ಯಾಲೆ ಕಾಗಿಣಾಕ್ಕೆ. ಸೈಕಲ್ ಹಿಂದೆ ಹಸಿರು ಬಲೆ, ಹ್ಯಾಂಡಲ್ಲಿಗೆ ತಂಗೂಸಿನ ಸುರುಳಿ. ಕೊರಮೀನು ಸಿಕ್ಕ ದಿನ ಮಾರೋಕೆ ಮನಸ್ಸಾಗದೆ ಮನೆಗೇ ತರ್ತಿದ್ದ, ಆಯಿ ಬೈಕೊಂತಲೇ ಸಾರು ಮಾಡ್ತಿದ್ಲು.

ನನ್ನ ಚೀಲ ವಾಸನೆ ಬರ್ತಿತ್ತು, ಹೌದು. ಮುತ್ಯಾನ ಬಲೆ ಇಡೋ ಮೂಲೆಯಲ್ಲೇ ನನ್ನ ಪುಸ್ತಕ ಇರ್ತಿದ್ವು, ಒಂದೇ ಖೋಲಿ ಮನೆ. ನೀವು ನನಗೆ ‘ಒಣಮೀನ’ ಅಂತ ಹೆಸರಿಟ್ಟಿರಿ. ಬೆಂಚಿನ ತುದಿಗೆ ಸರಿಸಿದಿರಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ನೆನಪಿರಲಿಕ್ಕಿಲ್ಲ, ತಮಾಷಿ ಮಾಡಿದೋರಿಗೆ ನೆನಪಿರಲ್ಲ. ಜನವರಿ 21ಕ್ಕೆ ಅಂಬಿಗರ ಚೌಡಯ್ಯನವರ ಫೋಟೋಕ್ಕೆ ಹಾರ ಹಾಕಿ ಸರ್ ಭಾಷಣ ಮಾಡಿದರು, ಎಲ್ಲ ಕಾಯಕವೂ ಒಂದೇ ಅಂತ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಸಾಲಿ ಬಿಟ್ಟ ಮೇಲೆ ಗೇಟಿನ ಹತ್ತಿರ ‘ಒಣಮೀನ’ ಅಂತ ಕೂಗಿದಿರಿ.

ಬರೀ ನಿಮ್ಮನ್ನ ಬೈಯೋಕೆ ಇದನ್ನ ಬರೀತಿಲ್ಲ. ನಾನು ಮಾಡಿದ್ದು ಇನ್ನೂ ಇದೆ.

ಪರೀಕ್ಷಾ ಫೀಸಿನ ಕೊನೇ ದಿನ. ದುಡ್ಡು ಮನೆಯಲ್ಲಿ ಇರಲಿಲ್ಲ. ಮುತ್ಯಾ ಬೆಳಿಗ್ಗೆ ಡ್ಯಾಮಿಗೆ ಹೋಗಿ, ಸಿಕ್ಕದ್ದನ್ನ ದಾರಿಯಲ್ಲೇ ಮಾರಿ, ಸೀದಾ ಸಾಲಿ ಗೇಟಿಗೆ ಬಂದಿದ್ದ. ಒದ್ದಿ ಲುಂಗಿ, ಬರಿಗಾಲು, ಮುಷ್ಟಿಯಲ್ಲಿ ಮುದ್ದೆಯಾದ ನೋಟು. ನಿಮ್ಮಲ್ಲೊಬ್ಬ ಕೇಳಿದ, ‘ಯಾರಲೇ ಅವ?’ ನಾನು ಅಂದೆ, ‘ನಮ್ಮ ಮನ್ಯಾಗ ಕೆಲಸಕ್ಕ ಬರ್ತಾನ.’

ಮೂರು ಮಾರು ದೂರದಲ್ಲಿ ನಿಂತಿದ್ದ. ನನ್ನ ಕೈಗೆ ನೋಟು ಇಟ್ಟು ಸೈಕಲ್ ಹತ್ತಿ ಹೋದ.

ಫೋಟೋ 7

ಇದು ಸ್ಕ್ರೀನ್‌ಶಾಟ್. ವಿಡಿಯೋ ಕಾಲ್‌ನಲ್ಲಿ ಮುತ್ಯಾನ ಹಣೆ ಮತ್ತು ನಮ್ಮನೆ ಟ್ಯೂಬ್‌ಲೈಟು. ಫೋನ್ ಹಿಡಿಯೋಕೆ ಬರಲ್ಲ ಅವನಿಗೆ.

ಇಲ್ಲಿ ಹನ್ನೊಂದು ಗಂಟೆ ಬಿಸಿಲು, ಅಲ್ಲಿ ರಾತ್ರಿ ಎಂಟೂವರೆ. ಮೀನು ತೋರಿಸಿದೆ. ಹೆಮ್ಮೆ ಪಡ್ತಾನೆ ಅಂದುಕೊಂಡಿದ್ದೆ. ಅವನು ಪ್ರಶ್ನೆ ಶುರು ಮಾಡಿದ. ಎಷ್ಟು ಆಳದಾಗ ಸಿಕ್ತು? ಬಾಯಾಗ ಹಲ್ಲು ಅವ ಏನು? ಗುಂಡು ಯಾವ ಆಕಾರದ್ದು? ಕ್ಲಿಪ್ಪಿನ ವಿಷಯ ಮೂರು ಸಲ ಕೇಳಿದ, ಹಾಳೆ ಮೇಲೆ ಬರೆದು ತೋರಿಸಬೇಕಾಯ್ತು.

‘ಸಮುದ್ರದ ಮೀನ ಸಿಹಿನೀರಾಗ ಹ್ಯಾಂಗ ಬಂತು?’ ಅಂದ. ಕ್ಯಾಪ್ಟನ್ ಹೇಳಿದ್ದನ್ನೂ ನಾನು ಆಮೇಲೆ ಓದಿದ್ದನ್ನೂ ಸೇರಿಸಿ ಇಲ್ಲಿ ಬರೀತೀನಿ. ಒಂಟಾರಿಯೋ ಸರೋವರಕ್ಕೆ ತನ್ನದೇ ಅಟ್ಲಾಂಟಿಕ್ ಸಾಲ್ಮನ್ ಇತ್ತು. ಹಳ್ಳಗಳಿಗೆ ಗಿರಣಿಗಳ ಒಡ್ಡು ಕಟ್ಟಿದರು, ಕಾಡು ಕಡಿದರು, ಲೆಕ್ಕ ಇಲ್ಲದೆ ಹಿಡಿದರು. 19ನೇ ಶತಮಾನ ಮುಗಿಯೋ ಹೊತ್ತಿಗೆ ಅದು ಇಲ್ಲವಾಯ್ತು. ಆಮೇಲೆ ಲೇಕ್ ಟ್ರೌಟ್ ಕೂಡ ಹೋಯ್ತು. ತಿನ್ನೋ ದೊಡ್ಡ ಮೀನು ಇಲ್ಲದೆ ಏಲ್‌ವೈಫ್ ಅನ್ನೋ ಸಣ್ಣ ಮೀನು ಮಹಾಸರೋವರಗಳಲ್ಲಿ ಮಿತಿಮೀರಿ ಹೆಚ್ಚಿತು. 1967ರಲ್ಲಿ ಮಿಶಿಗನ್ ಸರೋವರದ ದಂಡೆಯಲ್ಲಿ ಅವು ರಾಶಿ ರಾಶಿ ಸತ್ತು ನಾರಿದವು. ಅದರ ಹಿಂದಿನ ವರ್ಷವೇ ಹೊವಾರ್ಡ್ ಟ್ಯಾನರ್ ಅನ್ನೋ ಅಧಿಕಾರಿಯ ಮುಂದಾಳತ್ವದಲ್ಲಿ ಮಿಶಿಗನ್ ರಾಜ್ಯದವರು ಪೆಸಿಫಿಕ್ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನ ಹಳ್ಳಗಳಿಗೆ ಬಿಟ್ಟಿದ್ದರು. ಚಿನೂಕ್ ಆಮೇಲೆ. 1960ರ ದಶಕ ಮುಗಿಯೋದರಲ್ಲಿ ಒಂಟಾರಿಯೋ ಸರೋವರಕ್ಕೂ ಬಿಡೋಕೆ ಶುರು ಮಾಡಿದರು. ಇವತ್ತಿಗೂ ಮರಿ ಬಿಡ್ತಾರೆ, ಅದರ ಜೊತೆಗೆ ನದಿಗಳಲ್ಲಿ ತಾವೇ ಹುಟ್ಟೋವೂ ಇವೆ.

ಇಷ್ಟೆಲ್ಲ ಹೇಳಿದರೆ ಮುತ್ಯಾ, ‘ಅಲ್ಲೀನೂ ಮರಿ ಬಿಡ್ತಾರೇನು? ಮತ್ತ ನಮ್ಮ ಕಾಟ್ಲಾದಂಗೇ ಆತು’ ಅಂದ.

ಖರೇ ಅದು. ಕಾಟ್ಲಾ, ರೋಹು ನಮ್ಮ ಕಾಗಿಣಾದ್ದಲ್ಲ, ಗಂಗಾ ಕಡೆಯ ಮೀನು. ನಿಂತ ನೀರಲ್ಲಿ ಅವು ಮರಿ ಹಾಕಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನಿಂದ ಮೊಟ್ಟೆ ಇಡಿಸಿದರು. ಅದರಿಂದಲೇ ದೇಶದ ತುಂಬ ಕೆರೆ, ಡ್ಯಾಮುಗಳಿಗೆ ಮರಿ ಸಿಗೋ ಹಾಗಾಯ್ತು. ಇಷ್ಟು ನಾನು ಹುಡುಕಿ ಓದಿದ್ದು. ಮರಿ ಬಿಡೋ ದಿನ ನೀರು ಯಾವ ಬಣ್ಣ ಇರಬೇಕು, ಯಾವ ದಂಡೆಗೆ ಬಿಟ್ಟರೆ ಉಳೀತಾವೆ, ಇದು ಮುತ್ಯಾನಿಗೆ ಗೊತ್ತು.

ಸೆಪ್ಟೆಂಬರಿನಲ್ಲಿ ಚಿನೂಕ್‌ಗಳು ಕ್ರೆಡಿಟ್ ನದಿಯಲ್ಲಿ ಮೇಲೆ ಹತ್ತುತ್ತವೆ, ಮೊಟ್ಟೆ ಇಟ್ಟು ಸಾಯ್ತವೆ ಅಂತಲೂ ಹೇಳಿದೆ. ಯಾವ ಗಂಭೀರ ಮಾತು ಬರುತ್ತೋ ಅಂತ ಕಾದರೆ, ‘ಅಷ್ಟು ಸತ್ತದ್ದು ಯಾರು ತಿಂತಾರ?’ ಅಂದ. ಹಕ್ಕಿ ತಿಂತಾವೆ ಅಂದೆ. ‘ದೊಡ್ಡ ಮೀನ ಭಾಳ ತಿನ್ನಬ್ಯಾಡ ಅಂತ ಇಲ್ಲಿನ ಸರ್ಕಾರನೇ ಪಟ್ಟಿ ಮಾಡ್ಯದ ಮುತ್ಯಾ, ಮೈಯಾಗ ಪಾದರಸ ಇರ್ತದ’ ಅಂದೆ. ಅವನು ನಂಬಲಿಲ್ಲ. ಅಷ್ಟು ಚಂದ ಮೀನಿಗೆ ಪಾದರಸ ಎಲ್ಲಿಂದ ಬರ್ತದ ಅಂತ ನನ್ನನ್ನೇ ಬೈದ.

ಗೇಟಿನ ಹತ್ತಿರ ನಾನು ಅಂದ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ, ಹನ್ನೊಂದು ವರ್ಷ ಆಯ್ತು, ನಾನು ಕೇಳಿಲ್ಲ. ಅವತ್ತೂ ಬಾಯಿತನಕ ಬಂತು. ಅಷ್ಟರಲ್ಲಿ ಆಯಿ ಊಟಕ್ಕೆ ಕರೆದಳು, ಫೋನು ಕಟ್ಟಾಯ್ತು.

ಇನ್ನು ನಿನ್ನ ಪ್ರಶ್ನೆ, ದೋಸ್ತ. ಮೀನು ಹಿಡಿಯೋದು ಕಲ್ತದ್ದು ಐದನೇ ಕ್ಲಾಸಿನ ಬ್ಯಾಸಗಿ ಸೂಟಿಯಲ್ಲಿ, ಹೇರೂರ ಡ್ಯಾಮಿನ ದಂಡಿ ಮ್ಯಾಲ. ಕಲಿಸಿದವ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ. ನೀನೂ ಅವನನ್ನ ನೋಡಿದ್ದೀ. ಫೀಸಿನ ದಿನ ಸಾಲಿ ಗೇಟಿನ ಹತ್ತಿರ ಒದ್ದಿ ಲುಂಗಿಯಲ್ಲಿ ನಿಂತಿದ್ದನಲ್ಲ, ಸೈಕಲ್ಲಿಗೆ ಹಸಿರು ಬಲೆ ಕಟ್ಟಿದ್ದವ, ಅವನೇ.