ಸ್ಟ್ರಾಸ್‌ಬುರ್ಗಿನ ವಿದ್ಯಾಪೀಠ

ರಾಮಕೃಷ್ಣ ಗೋಪಾಲ ಭಾಂಡಾರಕರರು ವೈಷ್ಣವ ಶೈವಾದಿ ಮತಗಳ ವಿಷಯವಾಗಿ ಬರೆದ ಆಂಗ್ಲ ಗ್ರಂಥವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ನಮ್ಮ ನಾಡಿನ ವೀರಶೈವರನ್ನು ಕುರಿತು ಅದರಲ್ಲಿ ಒಂದು ಪ್ರಕರಣವುಂಟು. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಅದರ ಮೊದಲ ಮುದ್ರಣದ ಪ್ರತಿಯೊಂದು ನಮ್ಮ ಕೈಸೇರಿತು. ಮುಖಪತ್ರದಲ್ಲಿ ಪುಣೆಯ ಹೆಸರಾಗಲಿ ಮುಂಬಯಿಯ ಹೆಸರಾಗಲಿ ಇರಲಿಲ್ಲ. ‘ಸ್ಟ್ರಾಸ್‌ಬುರ್ಗ್, 1913’ ಎಂದಿದ್ದಿತು. ಮ್ಯಾಕ್‌ಡೊನೆಲ್ ಪಂಡಿತರ ವೇದ ವ್ಯಾಕರಣವೂ 1910ರಲ್ಲಿ ಅಲ್ಲಿಯೇ ಪ್ರಕಟವಾದುದು. ನಮ್ಮ ಶಾಸ್ತ್ರಗಳಿಗೆ ಇಷ್ಟು ಆಶ್ರಯವನ್ನಿತ್ತ ಈ ಊರು ಯಾವುದು? ನಾವು ಅದನ್ನು ಕಣ್ಣಾರೆ ಕಂಡವರಲ್ಲ. ಗ್ರಂಥಗಳಿಂದ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ರೈನ್ ಮಹಾನದಿಯ ಪಶ್ಚಿಮ ತೀರದ ಆಲ್ಸೇಸ್ ಪ್ರಾಂತಕ್ಕೆ ಇದು ಮುಖ್ಯ ನಗರ. ಇಂದು ನದಿಯ ಆಚೆ ಜರ್ಮನಿ, ಈಚೆ ಫ್ರಾನ್ಸು. ಈ ಗಡಿಯಾದರೋ ಯುದ್ಧಕ್ಕೊಮ್ಮೆ ಸರಿಯುತ್ತ ಬಂದಿರುವುದು.

1538ರಲ್ಲಿ ಯೋಹಾನ್ ಸ್ಟುರ್ಮ್ ಎಂಬ ವಿದ್ವಾಂಸನು ಇಲ್ಲಿ ಒಂದು ಪಾಠಶಾಲೆಯನ್ನು ನಡೆಸತೊಡಗಿದನು. ಅದು 1566ರಲ್ಲಿ ಅಕಾಡೆಮಿಯಾಗಿ, 1621ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡನ ಶಾಸನದಿಂದ ವಿಶ್ವವಿದ್ಯಾನಿಲಯವಾಯಿತು. 1681ರಲ್ಲಿ ಹದಿನಾಲ್ಕನೆಯ ಲೂಯಿ ನಗರವನ್ನು ವಶಪಡಿಸಿಕೊಂಡರೂ ವಿದ್ಯಾಪೀಠದ ರೀತಿನೀತಿಗಳನ್ನು ಕೆಡಿಸಲಿಲ್ಲ. ಆದುದರಿಂದಲೇ, ಮುಂದೆ ನಮ್ಮ ಶಾಕುಂತಲವನ್ನು ಕೊಂಡಾಡಿದ ಗಯಟೆ ಮಹಾಕವಿಯು 1770ರಲ್ಲಿ ಧರ್ಮಶಾಸ್ತ್ರವನ್ನು ಕಲಿಯಲು ಬಂದಾಗ, ಊರು ಫ್ರೆಂಚರದಾಗಿದ್ದಿತು, ವಿದ್ಯಾಪೀಠ ಜರ್ಮನ್ ಸಂಪ್ರದಾಯದ್ದಾಗಿದ್ದಿತು. ಫ್ರೆಂಚ್ ಮಹಾಕ್ರಾಂತಿಯಲ್ಲಿ ಅದು ಮುಚ್ಚಿಹೋಗಿ, ನೆಪೋಲಿಯನ್ನನ ಕಾಲದಲ್ಲಿ ಫ್ರೆಂಚ್ ಪದ್ಧತಿಯಲ್ಲಿ ಮತ್ತೆ ತಲೆಯೆತ್ತಿತು. ಪಾಸ್ತರ್ ಮಹಾಶಯನು 1854ರ ವರೆಗೆ ಇಲ್ಲಿ ರಸಾಯನ ಶಾಸ್ತ್ರವನ್ನು ಬೋಧಿಸುತ್ತಿದ್ದನು.

ವಿದ್ಯೆಯೆಂಬ ಧನವನ್ನು ಕಳ್ಳನು ಕದಿಯಲಾರನು, ಅರಸನು ಕಸಿಯಲಾರನು ಎಂದು ನಾವು ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದೆವು. ಮುಂದಿನ ಕಥೆಯನ್ನು ಓದಿದ ಮೇಲೆ ಆ ಮಾತನ್ನು ಮತ್ತೊಮ್ಮೆ ಆಲೋಚಿಸಬೇಕಾಯಿತು.

1870ರಲ್ಲಿ ಜರ್ಮನರು ನಗರವನ್ನು ಮುತ್ತಿದರು. ಆಗಸ್ಟ್ 24ರ ರಾತ್ರಿ ಅವರ ಗುಂಡುಗಳಿಂದ ಗ್ರಂಥಭಾಂಡಾರವು ಹೊತ್ತಿಕೊಂಡಿತು. ಹನ್ನೆರಡನೆಯ ಶತಮಾನದಲ್ಲಿ ಹೆರ್ರಾಡ್ ಎಂಬ ಸಂನ್ಯಾಸಿನಿಯು ರಚಿಸಿದ ಸಚಿತ್ರ ಮಹಾಗ್ರಂಥದ ಮೂಲಪ್ರತಿಯೂ ಲಕ್ಷಾಂತರ ಪುಸ್ತಕಗಳೊಡನೆ ಬೂದಿಯಾಯಿತು. ಗೆದ್ದವರೇ 1872ರಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾನಿಲಯವನ್ನು ತೆರೆದರು. ದೇಶದೇಶಗಳಿಂದ ಪುಸ್ತಕದಾನವು ಹರಿದುಬಂದಿತು. ಜೈನಾಗಮಗಳಲ್ಲಿ ನಿಷ್ಣಾತರಾದ ಎರ್ನ್ಸ್ಟ್ ಲಾಯ್ಮಾನರು ಸಂಸ್ಕೃತ ಪೀಠದಲ್ಲಿದ್ದುದೂ, ಭಾಂಡಾರಕರರ ಗ್ರಂಥವು ಅಚ್ಚಾದುದೂ ಈ ಕಾಲದಲ್ಲಿಯೇ. ಆ ಗ್ರಂಥ ಹೊರಬಂದು ಐದೇ ವರ್ಷಗಳಲ್ಲಿ, 1918ರಲ್ಲಿ, ಊರು ಮತ್ತೆ ಫ್ರಾನ್ಸಿಗೆ ಸೇರಿತು. ಜರ್ಮನ್ ಅಧ್ಯಾಪಕರು ಹೊರಡಬೇಕಾಯಿತು. ಲಾಯ್ಮಾನರೂ ನದಿ ದಾಟಿ ಫ್ರೈಬುರ್ಗಿಗೆ ಹೋದರು. ಬರಿದಾದ ಪೀಠಗಳಿಗೆ ಫ್ರೆಂಚ್ ಪಂಡಿತರು ಬಂದರು. ಇತಿಹಾಸಕಾರರಾದ ಮಾರ್ಕ್ ಬ್ಲೋಕ್ ಮತ್ತು ಲೂಸಿಯೆನ್ ಫೆಬ್ವ್ರ್ ಅವರು ಅಲ್ಲಿದ್ದಾಗಲೇ 1929ರಲ್ಲಿ ‘ಆನಾಲ್’ ಪತ್ರಿಕೆಯನ್ನು ಹುಟ್ಟಿಸಿ ಚರಿತ್ರೆಯ ಅಧ್ಯಯನಕ್ಕೆ ಹೊಸ ದಾರಿಯನ್ನು ತೋರಿದರು.

1939ರಲ್ಲಿ ಯುದ್ಧವು ಮತ್ತೆ ಬಂದಾಗ ವಿದ್ಯಾಪೀಠವು ನಡುನಾಡಿನ ಕ್ಲೆರ್ಮೊಂ-ಫೆರ‍್ರಾಂಗೆ ವಲಸೆಹೋಯಿತು. ಅಲ್ಲಿಯೂ ನೆಮ್ಮದಿಯಿರಲಿಲ್ಲ. 1943ರ ನವೆಂಬರ್ 25ರಂದು ಜರ್ಮನ್ ಪೋಲೀಸರು ನುಗ್ಗಿ, ಪೋಲ್ ಕೊಲೊಂಪ್ ಎಂಬ ಪ್ರಾಧ್ಯಾಪಕರನ್ನು ಗುಂಡಿಟ್ಟು ಕೊಂದು, ಅನೇಕ ವಿದ್ಯಾರ್ಥಿಗಳನ್ನೂ ಗುರುಗಳನ್ನೂ ಸೆರೆಶಿಬಿರಗಳಿಗೆ ಅಟ್ಟಿದರು. ಪ್ರತಿಭಟನಾ ದಳವನ್ನು ಸೇರಿದ್ದ ಬ್ಲೋಕ್ ಅವರೂ 1944ರ ಜೂನ್ 16ರಂದು ಗುಂಡಿಗೆ ಬಲಿಯಾದರು.

ಅತ್ತ ಬರಿದಾದ ಸ್ಟ್ರಾಸ್‌ಬುರ್ಗಿನಲ್ಲಿ ನಾಜಿಗಳು 1941ರಲ್ಲಿ ತಮ್ಮದೇ ವಿದ್ಯಾಪೀಠವನ್ನು ತೆರೆದಿದ್ದರು. ಅಲ್ಲಿಯ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕ ಆಗಸ್ಟ್ ಹಿರ್ಟನು ಅಸ್ಥಿಪಂಜರಗಳ ಸಂಗ್ರಹಕ್ಕಾಗಿ 86 ಮಂದಿ ಯೆಹೂದ್ಯ ಸ್ತ್ರೀಪುರುಷರನ್ನು 1943ರ ಆಗಸ್ಟಿನಲ್ಲಿ ಕೊಲ್ಲಿಸಿದನು. ಬಹುಕಾಲ ಹೆಸರಿಲ್ಲದೆ ಉಳಿದಿದ್ದ ಆ ಹತಭಾಗ್ಯರ ಹೆಸರುಗಳು ಈ ಶತಮಾನದ ಆದಿಯಲ್ಲಿ ಪತ್ತೆಯಾದವು.

ಇದನ್ನು ಓದಿದಂದು ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಅರಸನು ಗ್ರಂಥಗಳನ್ನು ಸುಡಬಲ್ಲನು, ಗುರುಗಳನ್ನು ಓಡಿಸಬಲ್ಲನು. ವಿದ್ಯೆಯು ಬೇರೊಂದು ಊರಿನಲ್ಲಿ ಚಾಪೆ ಹಾಸಿಕೊಂಡು ಪಾಠವನ್ನು ಮುಂದುವರಿಸುವುದು. ನಮ್ಮ ಹಳೆಯ ಮಾತು ಅಷ್ಟರಮಟ್ಟಿಗೆ ಸತ್ಯ. ಆದರೆ ಪಂಡಿತನೇ ಧರ್ಮವನ್ನು ಬಿಟ್ಟರೆ ಆ ಧನವನ್ನು ಕಾಯುವವರಾರು? ಮಕ್ಕಳಿಗೆ ಇದನ್ನೂ ಹೇಳಬೇಕಾಗಿದ್ದಿತು, ನಾವು ಹೇಳಲಿಲ್ಲ.

ಯುದ್ಧಾನಂತರ ವಿದ್ಯಾಪೀಠವು ಸ್ವಸ್ಥಾನಕ್ಕೆ ಮರಳಿತು. ನಡುವೆ ಮೂರಾಗಿ ಒಡೆದಿದ್ದುದು 2009ರಲ್ಲಿ ಪುನಃ ಒಂದಾಯಿತು. ಜರ್ಮನರು ಕಟ್ಟಿಸಿದ ಭವ್ಯ ಪ್ರಾಸಾದದಲ್ಲಿ ಇಂದು ಫ್ರೆಂಚ್ ನುಡಿಯ ಪಾಠ ನಡೆಯುವುದು. ಅದರ ಮುಂದೆ 1904ರಲ್ಲಿ ಸ್ಥಾಪಿತವಾದ ಗಯಟೆಯ ವಿಗ್ರಹವಿದೆ. ಮಹಾಕವಿಯದಲ್ಲ, ಪಾಠಕ್ಕೆ ಬಂದ ತರುಣ ವಿದ್ಯಾರ್ಥಿಯದು.