ಬಿದ್ದ ವಿಕಿಯನ್ನು ಎಬ್ಬಿಸಿದವರು

2005ರ ಫೆಬ್ರವರಿ 21, ಸೋಮವಾರ. ಫ್ಲಾರಿಡಾದ ಟ್ಯಾಂಪಾದಲ್ಲಿ ಸಂಜೆ ಐದೂಕಾಲು. ಡೇಟಾ ಸೆಂಟರಿನೊಳಗೆ ಸರ್ಕ್ಯೂಟ್ ಬ್ರೇಕರ್‌ಗಳು ಟ್ರಿಪ್ ಆದವು. ನೆಟ್‌ವರ್ಕ್ ಸ್ವಿಚ್ಚು ಸತ್ತಿತು. ಸಾಲುಸಾಲು ಸರ್ವರ್‌ಗಳು ಒಂದೇ ಏಟಿಗೆ ಮಲಗಿದವು. ವಿಕಿಪೀಡಿಯ ಜಗತ್ತಿನ ಪರದೆಗಳಿಂದ ಮಾಯವಾಯಿತು!

ಜನರೇಟರ್ ಇತ್ತು. ಇಂಧನ ತುಂಬಿಕೊಂಡು ಸಿದ್ಧವಾಗಿಯೇ ನಿಂತಿತ್ತು. ಏನು ಬಂತು? ಕರೆಂಟು ಕೈಕೊಟ್ಟದ್ದು ಕಟ್ಟಡದ ಹೊರಗಲ್ಲ, ಒಳಗೆ. ಜನರೇಟರ್ ಎಷ್ಟೇ ಗುಡುಗಿದರೂ ಆ ಕರೆಂಟು ಸರ್ವರ್ ಮುಟ್ಟುವ ದಾರಿಯೇ ಕಡಿದಿತ್ತು.

ಕೆಲವು ನಿಮಿಷ ಕಳೆದವು. ಸ್ವಿಚ್ಚು ಎದ್ದಿತು. ಯಂತ್ರಗಳು ಒಂದೊಂದಾಗಿ ಬೂಟ್ ಆದವು. ಕೆಲವು ಮೊಂಡಾಟ ಹೂಡಿದವು. ವಿಕಿಪೀಡಿಯದ ತಂಡದವರು ಅವನ್ನು ಬದಿಗೆ ಸರಿಸಿದರು. ಇನ್ನು ಉಳಿದದ್ದು ಡೇಟಾಬೇಸ್. ಮುಖ್ಯ ಡೇಟಾಬೇಸನ್ನು ಚಾಲೂ ಮಾಡಿದರು. ಕೆಟ್ಟಿತ್ತು. ಅದರ ನಕಲೊಂದನ್ನು ಎಬ್ಬಿಸಿದರು. ಅದೂ ಕೆಟ್ಟಿತ್ತು!

ಹೀಗಾಗಲೇಬಾರದು. ವಿಕಿಪೀಡಿಯ ಬಳಸುತ್ತಿದ್ದುದು ಮೈಎಸ್‌ಕ್ಯೂಎಲ್ ಡೇಟಾಬೇಸಿನ ಇನ್ನೋಡಿಬಿ ಎಂಜಿನ್. ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ಗೆ ಬರೆದು, ಆಮೇಲೆ ಕೋಷ್ಟಕ ಮುಟ್ಟುವ ಜಾಗರೂಕ ಜೀವಿ ಅದು. ನಡುವೆ ಕರೆಂಟು ಹೋದರೂ ಲಾಗ್ ಓದಿಕೊಂಡು ಎದ್ದು ನಿಲ್ಲಬೇಕು. ಆದರೆ ಅದರ ಕೆಳಗೆ ಡಿಸ್ಕ್ ಇದೆ. ಡಿಸ್ಕು ಕೆಲವೊಮ್ಮೆ ಸುಳ್ಳು ಹೇಳುತ್ತದೆ. ದತ್ತಾಂಶ ಇನ್ನೂ ಅದರ ತಾತ್ಕಾಲಿಕ ಸ್ಮೃತಿಯಾದ ಕ್ಯಾಶ್‌ನಲ್ಲೇ ಇರುತ್ತದೆ. ಉಣ್ಣದೆಯೇ ‘ಉಂಡೆ’ ಅಂದು ಕೈ ತೊಳೆದುಬಿಡುತ್ತದೆ. ಆ ಕ್ಷಣ ಕರೆಂಟು ಹೋದರೆ ಮುಗಿಯಿತು.

ತಿಂಗಳ ಹಿಂದಷ್ಟೇ, ಅದೇ ವರ್ಷದ ಜನವರಿಯಲ್ಲಿ, ಲೈವ್‌ಜರ್ನಲ್ ಜಾಲತಾಣವೂ ಕರೆಂಟು ಕಳೆದುಕೊಂಡು ನೆಲಕಚ್ಚಿತ್ತು. ಅದರ ಸ್ಥಾಪಕ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಡಿಸ್ಕುಗಳ ಸುಳ್ಳು ಹಿಡಿಯಲೆಂದೇ ಪುಟ್ಟ ಪ್ರೋಗ್ರಾಮೊಂದನ್ನು ಬರೆದರು. ಬಳಸುವ ವಿಧಾನ ಸರಳ, ಕ್ರೂರ. ಡಿಸ್ಕು ಬರೆಯುತ್ತಿರಲಿ. ಪ್ಲಗ್ ಕೀಳಿ. ಮತ್ತೆ ಸಿಕ್ಕಿಸಿ. ಬರೆದೆ ಅಂದದ್ದೆಲ್ಲ ಇದೆಯೇ, ಎಣಿಸಿ!

ವಿಕಿಪೀಡಿಯದ ತಂಡಕ್ಕೆ ಅಂಥ ಪರೀಕ್ಷೆಗೆಲ್ಲ ಸಮಯವಿರಲಿಲ್ಲ. ಇನ್ನೆರಡು ನಕಲುಗಳ ಮೇಲೆ ಆಸೆ ಇತ್ತು. ರಿಕವರಿ ಶುರು ಮಾಡಲು ಬೆರಳು ತುರಿಸುತ್ತಿತ್ತು. ಮಾಡಲಿಲ್ಲ. ಏಕೆಂದರೆ ರಿಕವರಿ ಅಂದರೆ ದತ್ತಾಂಶವನ್ನೇ ತಿದ್ದುವುದು. ತಪ್ಪಿದರೆ ಇದ್ದದ್ದೂ ಹೋಯಿತು. ಲೋಕವೆಲ್ಲ ಕಾಯುತ್ತಿದ್ದರೂ ಮೊದಲು ಕಚ್ಚಾ ಫೈಲುಗಳನ್ನು ಬೈಟ್ ಬಿಡದೆ ನಕಲು ಮಾಡಲು ಕುಳಿತರು. ಗಂಟೆಗಳು ಉರುಳಿದವು. ಈ ಎರಡೂ ಕೈಕೊಟ್ಟರೆ? ಆಗ ಹಳೆಯ ಬ್ಯಾಕಪ್ ಹಾಕಿ, ಅದರ ಮೇಲೆ ಲಾಗ್ ಫೈಲುಗಳನ್ನು ಮೊದಲಿನಿಂದ ಓಡಿಸುತ್ತ ಬರಬೇಕು. ಎಷ್ಟು ಹೊತ್ತು? ಯಾರೂ ಬಾಯಿ ಬಿಡಲಿಲ್ಲ.

ಗೆದ್ದರು! ಒಂದು ದಿನದಷ್ಟು ಹೊತ್ತು ಹೆಣಗಿ ತಾಣವನ್ನು ಎಬ್ಬಿಸಿದರು. ಮೊದಲು ಓದಲು ಮಾತ್ರ, ಬಳಿಕ ತಿದ್ದಲು. ಆದರೆ ಆ ಹೊತ್ತಿಗಾಗಲೇ ಇನ್ನೊಂದು ನಿಧಿ ಕಳೆದುಹೋಗಿತ್ತು. ಅದನ್ನು ಯಾವ ಕರೆಂಟು ಕಡಿತವೂ ನುಂಗಿರಲಿಲ್ಲ.

2001ರ ಜನವರಿ 15ರಂದು ವಿಕಿಪೀಡಿಯ ಶುರುವಾದದ್ದು ಯೂಸ್‌ಮಾಡ್‌ವಿಕಿ ಎಂಬ ಪರ್ಲ್ ತಂತ್ರಾಂಶದ ಮೇಲೆ. ಡೇಟಾಬೇಸ್ ಇಲ್ಲ, ಬರೀ ಫೈಲುಗಳು. ಜಾಗ ಉಳಿಸಲು ಅದು ಹಳೆಯ ಆವೃತ್ತಿಗಳನ್ನು ತಾನಾಗಿಯೇ ಅಳಿಸುತ್ತಿತ್ತು. ಯಾರು ಮೊದಲ ಸಾಲು ಬರೆದರು, ಯಾರು ತಿದ್ದಿದರು, ಯಾರು ಜಗಳವಾಡಿದರು, ಎಲ್ಲ ಒರೆಸಿಹೋಯಿತು. ಮೊದಲ ತಿಂಗಳುಗಳ ಇತಿಹಾಸದ ಬಹುಪಾಲು ಮುಗಿದ ಕಥೆ ಎಂದು ಎಲ್ಲರೂ ಕೈಚೆಲ್ಲಿದರು. ಒಂಬತ್ತು ವರ್ಷ ದಾಟಿತು.

2010ರ ಡಿಸೆಂಬರ್. ಡೆವಲಪರ್ ಟಿಮ್ ಸ್ಟಾರ್ಲಿಂಗ್ ಸೋರ್ಸ್‌ಫೋರ್ಜ್ ತಾಣದಲ್ಲಿದ್ದ ಹಳೆಯ ಫೈಲುಗಳನ್ನು ಕೆದಕುತ್ತಿದ್ದರು. ಧೂಳು ಹಿಡಿದ ಒಂದು ಟಾರ್ ಫೈಲು ಕಣ್ಣಿಗೆ ಬಿತ್ತು. ಬಿಚ್ಚಿದರು. ಒಳಗೆ 2001ರ ಫೆಬ್ರವರಿ, ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳ ಮೂರು ಪೂರ್ತಿ ಬ್ಯಾಕಪ್‌ಗಳು! ಹುಟ್ಟಿದ ದಿನದಿಂದ ಆಗಸ್ಟ್ 17ರವರೆಗಿನ ಬದಲಾವಣೆಗಳು ಮತ್ತೆ ಜೀವ ಪಡೆದವು. ಯಾರೋ ಎಂದೋ ತೆಗೆದು ಮರೆತಿದ್ದ ನಕಲು ಒಂದು ವಿಶ್ವಕೋಶದ ಬಾಲ್ಯವನ್ನು ಉಳಿಸಿತ್ತು.

ಅದು ಅದೃಷ್ಟ. ಅದೃಷ್ಟವನ್ನು ನಂಬಿ ವಿಕಿ ನಡೆಸಲಾಗದು. ಈ ಮಾತು ನಂಬದಿದ್ದರೆ, ವಿಕಿಪೀಡಿಯ ಈಗ ಓಡುವ ಮೀಡಿಯಾವಿಕಿ ತಂತ್ರಾಂಶದ ಒಂದು ಪುಟ್ಟ ತಾಣವನ್ನು ನೀವೇ ಹೊಸ ಸರ್ವರಿಗೆ ದಾಟಿಸಿ ನೋಡಿ.

ಡೇಟಾಬೇಸ್ ಡಂಪ್ ತೆಗೆದಿರಿ. ಸಾಕೆ? ಸಾಲದು. ಚಿತ್ರಗಳು ಡೇಟಾಬೇಸಿನಲ್ಲಿಲ್ಲ, ಇಮೇಜಸ್ ಫೋಲ್ಡರಿನಲ್ಲಿವೆ. ಡೇಟಾಬೇಸ್ ಪಾಸ್‌ವರ್ಡು, ಗುಪ್ತಕೀಲಿ, ಎಕ್ಸ್‌ಟೆನ್ಶನ್ ಪಟ್ಟಿ ಲೋಕಲ್‌ಸೆಟ್ಟಿಂಗ್ಸ್ ಫೈಲಿನಲ್ಲಿವೆ. ಮೂರರಲ್ಲಿ ಒಂದನ್ನು ಬಿಟ್ಟರೂ ವಿಕಿ ಕುಂಟುತ್ತದೆ. ಡಂಪ್ ತೆಗೆಯುವಾಗ ತಾಣವನ್ನು ಓದಲು-ಮಾತ್ರ ಸ್ಥಿತಿಗೆ ತಂದಿದ್ದಿರಾ? ಇಲ್ಲವಾದರೆ ನಡುವೆ ನುಗ್ಗಿದ ತಿದ್ದುಪಡಿಯ ಗತಿ ದೇವರೇ ಬಲ್ಲ.

ಎಲ್ಲ ಸರಿಯಿದೆ ಅಂದುಕೊಂಡು ಪುಟ ತೆರೆದಿರಿ. ಕನ್ನಡವೇ ಇಲ್ಲ! ಹಳೆಯ ವಿಕಿಗಳಲ್ಲಿ ಯುಟಿಎಫ್-8 ಬೈಟುಗಳು ಲ್ಯಾಟಿನ್-1 ಎಂಬ ಹಣೆಪಟ್ಟಿಯ ಕೋಷ್ಟಕದಲ್ಲಿ ಅಡಗಿ ಕುಳಿತಿರುತ್ತವೆ. ಡಂಪ್ ಸಾಧನ ಹಣೆಪಟ್ಟಿಯನ್ನು ನಂಬಿ ಅವನ್ನು ಇನ್ನೊಮ್ಮೆ ಪರಿವರ್ತಿಸುತ್ತದೆ. ‘ಕ’ ಎಂಬ ಒಂದಕ್ಷರದ ಮೂರು ಬೈಟು ಒಡೆದು ಮೂರು ವಿದೇಶಿ ಚಿಹ್ನೆಗಳಾಗಿ ಚೆಲ್ಲಾಡುತ್ತವೆ. ಇಂಗ್ಲಿಷ್ ವಿಕಿಯಲ್ಲಾದರೆ ಎಷ್ಟೋ ದಿನ ಕಣ್ಣಿಗೇ ಬೀಳದ ಗಾಯ. ಕನ್ನಡ ವಿಕಿಯಲ್ಲಿ ಮೊದಲ ಸಾಲಿನಲ್ಲೇ ರಕ್ತ. ಹಳೆಯ ಸರ್ವರನ್ನು ಅಷ್ಟರಲ್ಲೇ ಅಳಿಸಿಬಿಟ್ಟಿದ್ದರೆ?

ಹಾಗಾಗಿಯೇ ಗಟ್ಟಿಗರು ಅಪಾಯಕ್ಕೆ ಕಾಯುವುದಿಲ್ಲ, ತಾವೇ ಕರೆಯುತ್ತಾರೆ. 2016ರ ಏಪ್ರಿಲ್ 19. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಎಂಜಿನಿಯರುಗಳು ವರ್ಜೀನಿಯಾದ ಆ್ಯಶ್‌ಬರ್ನ್‌ನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ವಿಕಿಗಳನ್ನು ಕಿತ್ತು, ಸುಮಾರು 1,900 ಕಿ.ಮೀ. ದೂರದ ಡಲ್ಲಾಸ್‌ಗೆ ಹಾರಿಸಲು ನಿಂತರು. 15ರಿಂದ 30 ನಿಮಿಷ ಯಾರೂ ತಿದ್ದಲಾಗದು ಎಂದು ಮೊದಲೇ ಡಂಗುರ ಹೊಡೆದರು. ಹಾರುವ ವಿಕಿಗಳಲ್ಲಿ ಕನ್ನಡ ವಿಕಿಪೀಡಿಯವೂ ಇತ್ತು.

ತಿದ್ದುಪಡಿಗೆ ಬೀಗ ಬಿತ್ತು. ನಕಲು ಮೂಲವನ್ನು ಹಿಡಿಯುವವರೆಗೆ ಕಾದರು. ಯಜಮಾನಿಕೆ ಬದಲಿಸಿದರು. ತಣ್ಣಗಿದ್ದ ಕ್ಯಾಶ್‌ಗಳನ್ನು ಬಿಸಿ ಮಾಡಿದರು. ಬೀಗ ತೆಗೆದರು. ಡಲ್ಲಾಸ್ ಹೊತ್ತುಕೊಂಡಿತು! ಎರಡು ದಿನ ಓಡಿಸಿ ಮತ್ತೆ ಆ್ಯಶ್‌ಬರ್ನ್‌ಗೆ ಹಾರಿಸಿದರು.

ಅಲ್ಲಿಗೇ ನಿಲ್ಲಿಸಲಿಲ್ಲ. ಕೈಯಿಂದ ಟೈಪಿಸುತ್ತಿದ್ದ ಆಜ್ಞೆಗಳನ್ನು ಸ್ಕ್ರಿಪ್ಟಿಗೆ ಇಳಿಸಿದರು. ಎಡವಿದ ಕಡೆ ಗುರುತು ಹಾಕಿದರು. 2020ರ ಹೊತ್ತಿಗೆ ಬೀಗದ ಅವಧಿ ಮೂರು ನಿಮಿಷದೊಳಗೆ ಬಂತು. 2021ರಲ್ಲಿ ಎರಡು ನಿಮಿಷದೊಳಕ್ಕೆ ಇಳಿಯಿತು. 2005ರಲ್ಲಿ ಒಂದು ದಿನ ನುಂಗಿದ ಗಂಡಾಂತರದ ಜಾಗದಲ್ಲಿ ಈಗ ಟೀ ಸೋಸುವಷ್ಟರಲ್ಲಿ ಮುಗಿಯುವ ಕವಾಯತು.

ಈಗ ಈ ಹಾರಾಟ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ಬೆಂಕಿ ಬೀಳಬೇಕಿಲ್ಲ, ಬ್ರೇಕರ್ ಟ್ರಿಪ್ ಆಗಬೇಕಿಲ್ಲ. ದಿನಾಂಕ ಗೊತ್ತು ಮಾಡುತ್ತಾರೆ, ಬೀಗ ಹಾಕುತ್ತಾರೆ, ನೆಗೆಯುತ್ತಾರೆ. ನಿಮ್ಮ ವಿಕಿಯ ಬ್ಯಾಕಪ್ ಎಲ್ಲೋ ಭದ್ರವಾಗಿದೆ ಅನ್ನುತ್ತೀರಾ? ಹಾಗಾದರೆ ಇವತ್ತೇ ಒಂದು ಖಾಲಿ ಸರ್ವರ್ ತೆಗೆದುಕೊಳ್ಳಿ. ಅದರ ಮೇಲೆ ಎಬ್ಬಿಸಿ ತೋರಿಸಿ!